ಮೆಟ್ಟಿಲು ಹಿಡಿದ ಲಿಫ್ಟ್ ಭಾವ

ನಮ್ಮ ಭಾವನಷ್ಟು ಹೆದರುವ ಗಂಡಸನ್ನು ನಾನು ಕಂಡಿಲ್ಲ ಎಂದು ಅಕ್ಕನ ಮದುವೆಯಾದ ಹೊಸದರಲ್ಲೇ ಹೇಳಿ ಅಮ್ಮನ ಕೈಲಿ ಬೈಸಿಕೊಂಡವಳು ನಾನು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಭಾವ ಲಿಫ್ಟ್ ಮೆಕ್ಯಾನಿಕ್. ಒಂದು ನಟ್ಟು ಬಿಗಿ ಮಾಡಿದರೆ, ಹೊರಡುವ ಮುಂಚೆ ವಾಪಸು ಹೋಗಿ ಅದನ್ನು ಇನ್ನೊಮ್ಮೆ ಮುಟ್ಟಿ ನೋಡುವವರು. ಮುಖ್ಯ ಸ್ವಿಚ್ಚು ಆರಿಸಿ, ಅದಕ್ಕೆ ಬೀಗ ಜಡಿದು, ಕೀಲಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಆಮೇಲೂ ಒಂದು ಸಲ ಲಿಫ್ಟಿನ ಬಟನ್ ಒತ್ತಿ, ಅದು ನಿಜವಾಗಿ ನಿಂತಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೇ ಕೆಲಸಕ್ಕೆ ಕೈ ಹಾಕುತ್ತಿದ್ದರು. ಜೊತೆಯ ಕೆಲಸಗಾರರು ಅವರಿಗೆ ‘ಇನ್ನೊಂದ್ಸಲ’ ಎಂದು ಅಡ್ಡಹೆಸರಿಟ್ಟಿದ್ದರು. "ಇನ್ನೊಂದ್ಸಲ ಬಂದ್ರಾ?" ಎಂದು ಫೋನಿನಲ್ಲೇ ಕೇಳುತ್ತಿದ್ದರಂತೆ. ಭಾವನಿಗೆ ಬೇಜಾರಿರಲಿಲ್ಲ. ಅವರ ಕೈ ಕೆಳಗಿನ ಯಾವ ಲಿಫ್ಟೂ ಯಾರ ಬೆರಳನ್ನೂ ಜಜ್ಜಿರಲಿಲ್ಲ.

ಒಳಗೊಳಗೆ ನನಗೂ ಅವರ ಮೇಲೆ ಗೌರವವೇ. ನಾನು ಕಾರು ಓಡಿಸುವುದನ್ನು ಕಲಿಸುವವಳು. ನನ್ನ ಕಾಲ ಬುಡದಲ್ಲೂ ಒಂದು ಬ್ರೇಕು ಇರುತ್ತದೆ. ಮೊದಲ ದಿನವೇ ಒಂದು ಮೊಣಕೈಯನ್ನು ಕಿಟಕಿಗೆ ಆನಿಸಿ ಹಾಡು ಗುನುಗುವವರು ಬಂದು ಕೂತರೆ ನನ್ನ ಕಾಲು ತಾನಾಗಿ ಆ ಬ್ರೇಕಿನ ಮೇಲೆ ಹೋಗುತ್ತದೆ. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು ಬೆವರುವವರು ಬಂದರೆ ನಾನು ಆರಾಮಾಗಿ ಕಾಲು ಚಾಚಿ ಕೂರುತ್ತೇನೆ. ಭಯ ಇರಬೇಕಾದ ಕಡೆ ಭಯ ಇದ್ದರೆ ಅರ್ಧ ಕೆಲಸ ಕಲಿತ ಹಾಗೆಯೇ. ಆದರೆ ಅದನ್ನು ಭಾವನ ಎದುರಿಗೆ ಒಪ್ಪಿಕೊಂಡರೆ ನಾದಿನಿಯ ಮರ್ಯಾದೆ ಏನಾಗಬೇಕು? ಆದ್ದರಿಂದ ರೇಗಿಸುತ್ತಲೇ ಇದ್ದೆ.

ಅಮ್ಮ ಮತ್ತು ನಾನು ಇರುವುದು ಒಂಬತ್ತನೇ ಮಹಡಿಯಲ್ಲಿ. ಅಕ್ಕ–ಭಾವನ ಮನೆ ಎರಡು ಬೀದಿ ಆಚೆ. ನಮ್ಮ ಕಟ್ಟಡಕ್ಕೆ ಇರುವುದು ಒಂದೇ ಲಿಫ್ಟು, ಅದನ್ನು ನೋಡಿಕೊಳ್ಳುವುದು ಭಾವನೇ. ಅಮ್ಮನ ಮಂಡಿ ಯಾವತ್ತೋ ರಾಜೀನಾಮೆ ಕೊಟ್ಟಿದೆ. ಆದರೆ ಮಧ್ಯಾಹ್ನದ ನಿದ್ದೆ ಮುಗಿಸಿ, ತಲೆ ಬಾಚಿ, ಕೈಚೀಲ ಹಿಡಿದು ಲಿಫ್ಟಿನಲ್ಲಿ ಕೆಳಗಿಳಿದಳೆಂದರೆ ಅಮ್ಮನ ನಿಜವಾದ ದಿನ ಶುರು. ಕೆಳಗಿನ ಹಾಲಿನಲ್ಲಿ ಒಂದು ಕೇರಂ ಬೋರ್ಡಿದೆ. ಅಲ್ಲಿ ನೆಲಮಹಡಿಯ ನಿವೃತ್ತ ಹೆಡ್‌ಮೇಷ್ಟ್ರು ಅಮ್ಮನಿಗಾಗಿ ಕಾದಿರುತ್ತಿದ್ದರು. ಆಟಕ್ಕಿಂತ ಜಗಳವೇ ಹೆಚ್ಚು. ಮೇಷ್ಟ್ರು ಮೊಣಕೈ ಬೋರ್ಡಿನೊಳಗೆ ತರುತ್ತಾರೆ ಎಂದು ಅಮ್ಮ, ಅಮ್ಮ ಹೊಡೆಯುವಾಗ ಬೇಕೆಂದೇ ಬಳೆ ಸದ್ದು ಮಾಡುತ್ತಾಳೆ ಎಂದು ಮೇಷ್ಟ್ರು. ಕತ್ತಲಾಗುವ ಹೊತ್ತಿಗೆ ಮೇಲೆ ಬಂದ ಅಮ್ಮನ ಮುಖ ನೋಡಿದರೆ ಗೆದ್ದಿದ್ದಾಳೋ ಸೋತಿದ್ದಾಳೋ ಕೇಳಬೇಕಾಗಿರಲಿಲ್ಲ.

ಇಂಥ ನೆಮ್ಮದಿಯ ನಡುವೆ ಭಾವನಿಗೆ ಅದು ಬಂತು.

ಬಂದದ್ದು ನಮ್ಮ ಲಿಫ್ಟಿನಲ್ಲೇ. ಅವತ್ತು ಏನೂ ಕೆಟ್ಟಿರಲಿಲ್ಲ. ತಿಂಗಳ ತಪಾಸಣೆ ಮುಗಿಸಿ ಒಬ್ಬರೇ ಕೆಳಗೆ ಬರುತ್ತಿದ್ದರು. ಆರನೇ ಮಹಡಿ ದಾಟಿರಬೇಕು, ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳಲು ಶುರುವಾಯಿತಂತೆ. ಉಸಿರು ಅರ್ಧಕ್ಕೇ ನಿಲ್ಲುತ್ತಿದೆ, ಬೆರಳ ತುದಿಯೆಲ್ಲ ಜೋಮು, ಮೈಯೆಲ್ಲ ಬೆವರು. ‘ಆಯ್ತು, ಇವತ್ತಿಗೆ ಮುಗೀತು’ ಎಂದು ಅನ್ನಿಸಿಬಿಟ್ಟಿತಂತೆ. ಕೆಳಗೆ ಬಾಗಿಲು ತೆರೆದಾಗ ಗೋಡೆ ಹಿಡಿದು ನೆಲಕ್ಕೆ ಕುಸಿದವರನ್ನು ಮೇಷ್ಟ್ರೇ ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಎದೆಗೆ ವಯರು ಅಂಟಿಸಿ ನೋಡಿದರು, ರಕ್ತ ತೆಗೆದರು. ಎಲ್ಲವೂ ಸರಿಯಾಗಿದೆ, ಬಹುಶಃ ಗ್ಯಾಸ್ ಇರಬೇಕು ಎಂದು ಮನೆಗೆ ಕಳಿಸಿದರು. ಅಷ್ಟು ಹೊತ್ತಿಗೆ ಭಾವನಿಗೂ ಎಲ್ಲ ಇಳಿದುಹೋಗಿತ್ತು. ಸಂಜೆ ನಾನು ಹೋದಾಗ ಸೋಫಾದ ಮೇಲೆ ಪೆಚ್ಚಾಗಿ ಕೂತಿದ್ದರು. "ಗ್ಯಾಸಿಗೆ ಇಷ್ಟು ನಾಟಕಾನಾ ಭಾವ?" ಎಂದೆ. ನಕ್ಕರು. ಆ ನಗು ಕಣ್ಣಿನವರೆಗೆ ಹೋಗಲಿಲ್ಲ.

ಮುಂದಿನ ಸಲ ತಪಾಸಣೆಗೆ ಬಂದಾಗ ಭಾವ ಮೆಟ್ಟಿಲು ಹತ್ತಿ ಬಂದರು.

"ಏನ್ ಭಾವ, ಲಿಫ್ಟ್ ಬಿಟ್ಟು?" ಎಂದರೆ, "ವ್ಯಾಯಾಮ ಕಣಮ್ಮ. ಹೊಟ್ಟೆ ಬಂದಿದೆ" ಎಂದರು. ಹೊಟ್ಟೆ ಬಂದಿದ್ದು ನಿಜವೇ ಆದ್ದರಿಂದ ನಂಬಿದೆ. ಮೇಲಿನ ಮೆಷಿನ್ ರೂಮಿಗೆ ಮೆಟ್ಟಿಲು, ಲಿಫ್ಟಿನ ತಳದ ಹೊಂಡಕ್ಕೆ ಮೆಟ್ಟಿಲು, ಮರೆತ ಸ್ಪ್ಯಾನರಿಗೆ ಮತ್ತೆ ಮೆಟ್ಟಿಲು. ಲಿಫ್ಟನ್ನು ಓಡಿಸಿ ನೋಡಬೇಕಾದಾಗ ಸಹಾಯಕನನ್ನು ಒಳಗೆ ನಿಲ್ಲಿಸಿ ತಾವು ಹೊರಗಿನಿಂದಲೇ ಕಿವಿಗೊಟ್ಟು ಕೇಳುವರು. ಬೆಲ್ಟಿಗೆ ಹೊಸ ತೂತು ಬಿತ್ತು. ಅಕ್ಕ ಮೊದಮೊದಲು ಹಿಗ್ಗಿದಳು.

ಇನ್ನು ನಮ್ಮ ಕಟ್ಟಡದವರ ಕಥೆ ಹೇಳಬೇಕು. ಅವರು ಕಣ್ಣಿದ್ದವರು. ಲಿಫ್ಟ್ ಮೆಕ್ಯಾನಿಕ್ಕೇ ಲಿಫ್ಟು ಹತ್ತುತ್ತಿಲ್ಲ ಎಂದರೆ ಏನರ್ಥ? ಮೊದಲು ನಾಲ್ಕನೇ ಮಹಡಿಯವರು ಮಕ್ಕಳಿಗೆ, "ಸುಮ್ನೆ ಮೆಟ್ಟಿಲಲ್ಲಿ ಹೋಗ್ರೋ" ಎಂದರು. ಆಮೇಲೆ ಏಳನೆಯ ಮಹಡಿಯವರು ಹೇಳಿದರು, ಹಗ್ಗ ಸವೆದಿದೆಯಂತೆ. ಅದು ಕೆಳಗೆ ಬರುವಷ್ಟರಲ್ಲಿ ಒಂದು ಹಗ್ಗ ಆಗಲೇ ಹರಿದಿತ್ತು. ಸಂಘದ ಕಾರ್ಯದರ್ಶಿ ಎರಡನೇ ಮಹಡಿಯ ಗಟ್ಟಿ ಗಂಟಲಿನ ಹೆಂಗಸು. ಆಕೆ ಭಾವನನ್ನೇ ಅಡ್ಡ ಹಾಕಿ ಕೇಳಿದರು: "ನಿಜ ಹೇಳಿ, ಲಿಫ್ಟ್ ಸರಿಯಾಗಿದ್ಯಾ?"

"ಸರಿಯಾಗಿದೆ ಮೇಡಂ" ಎಂದು ಹೇಳಿ ಭಾವ ಮೆಟ್ಟಿಲಿನ ಕಡೆಗೆ ಹೊರಟರು. ಇನ್ನು ಯಾರು ನಂಬುತ್ತಾರೆ?

ಹೀಗೆ ನಮ್ಮ ಕಟ್ಟಡದಲ್ಲಿ ಒಂದು ಹೊಸ ಜೀವನ ಶುರುವಾಯಿತು. ಪ್ರತಿ ಮೂರನೇ ಮಹಡಿಗೆ ಒಂದು ಕುರ್ಚಿ ಬಂತು. ಅಲ್ಲಿ ಕೂತು ಏದುಸಿರು ಬಿಡುವವರು ಪರಸ್ಪರ ಪರಿಚಯವಾದರು. ವರ್ಷಗಟ್ಟಲೆ ಲಿಫ್ಟಿನಲ್ಲಿ ಮುಖ ತಿರುಗಿಸಿ ನಿಲ್ಲುತ್ತಿದ್ದವರು ಈಗ ತರಕಾರಿ ಚೀಲ ಬದಲಾಯಿಸಿಕೊಂಡು ಹೊತ್ತರು. ಎಂಟನೇ ಮಹಡಿಗೆ ಹೊಸ ವಾಷಿಂಗ್ ಮೆಷಿನ್ ಬಂದ ದಿನ ಆರು ಜನ ಸೇರಿ ಅದನ್ನು ಹೊತ್ತದ್ದು, ಐದನೇ ಮಹಡಿಯ ತಿರುವಿನಲ್ಲಿ ಅದು ಸಿಕ್ಕಿಕೊಂಡು ಮೇಲಿನವರು ಮೇಲೆ, ಕೆಳಗಿನವರು ಕೆಳಗೆ ಉಳಿದದ್ದು, ಅದನ್ನು ನೆನೆದರೆ ಈಗಲೂ ನನಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಪಕ್ಕದಲ್ಲೇ ಖಾಲಿ ಲಿಫ್ಟು, ಚೆನ್ನಾಗಿ ಎಣ್ಣೆ ಕುಡಿದು, ಬಾಗಿಲು ತೆರೆದು ನಿಂತಿತ್ತು.

ನಗದೆ ಇದ್ದವಳು ಅಮ್ಮ ಒಬ್ಬಳೇ. "ಅಳಿಯಂದ್ರೇ ಹತ್ತಲ್ಲ ಅಂದ್ಮೇಲೆ ನಾನು ಹತ್ತಲ್ಲ. ಅವರಿಗೆ ಗೊತ್ತಿರತ್ತೆ" ಎಂದು ಕಡ್ಡಿ ಮುರಿದ ಹಾಗೆ ಹೇಳಿ ಒಂಬತ್ತನೇ ಮಹಡಿಯಲ್ಲಿ ಕೂತುಬಿಟ್ಟಳು. ಮೆಟ್ಟಿಲು ಇಳಿಯಲು ಮಂಡಿ ಬಿಡದು. ಮೇಷ್ಟ್ರು ಕಾವಲುಗಾರನ ಕೈಲಿ ಹೇಳಿ ಕಳಿಸುವರು: "ಸೋಲೋ ಭಯಕ್ಕೆ ಮೇಲೇ ಕೂತಿದ್ದಾರಂತೆ ಅಂತ ಹೇಳು." ಅಮ್ಮ ಬಾಲ್ಕನಿಯಿಂದ ಬಗ್ಗಿ ಉತ್ತರ ಕೊಡುವಳು. ಕೆಲವು ವಾರ ಅದೂ ನಡೆಯಿತು. ಆಮೇಲೆ ಅಮ್ಮ ಬಾಲ್ಕನಿಗೆ ಬರುವುದನ್ನೂ ಬಿಟ್ಟಳು. ಮಧ್ಯಾಹ್ನ ಮಲಗಿದರೆ ದೀಪ ಹಚ್ಚುವ ಹೊತ್ತಿಗೂ ಏಳುತ್ತಿರಲಿಲ್ಲ. ತಲೆ ಬಾಚಲೂ ಬೇಸರ. ಒಂದು ದಿನ ನಾನು ಕೆಲಸದಿಂದ ಬಂದಾಗ, "ಮೇಷ್ಟ್ರು ಈಗ ಯಾರ ಜೊತೆ ಆಡ್ತಾರೆ?" ಎಂದು ಗೋಡೆ ಕಡೆ ಮುಖ ಮಾಡಿಕೊಂಡೇ ಕೇಳಿದಳು. ನನಗೆ ಸಿಟ್ಟು ಬಂತು. ಸೀದಾ ಅಕ್ಕನ ಮನೆಗೆ ಹೋದೆ.

"ಲಿಫ್ಟಿಗೆ ಏನಾಗಿದೆ ಅಂತ ನಿನ್ನ ಗಂಡ ಬಾಯಿ ಬಿಡ್ಲಿ. ಇಲ್ಲಾ ಸರಿಯಾಗಿದ್ರೆ ಹತ್ತಿ ತೋರಿಸ್ಲಿ. ಅಮ್ಮ ಅಲ್ಲಿ ಬಾಡಿ ಹೋಗ್ತಿದಾಳೆ" ಎಂದು ಬಾಗಿಲಲ್ಲೇ ಶುರು ಮಾಡಿದೆ.

ಅಕ್ಕ ನನ್ನ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಮೆಲ್ಲಗೆ ಮಾತಾಡೇ. ಲಿಫ್ಟಿಗಲ್ಲ, ಅವರಿಗೇ ಏನೋ ಆಗಿದೆ" ಎಂದಳು. ಆಮೇಲೆ ಒಂದೊಂದೇ ಹೊರಗೆ ಬಂತು. ಆಸ್ಪತ್ರೆಯ ದಿನದ ಹಾಗೆ ಮತ್ತೆ ಮೂರು ನಾಲ್ಕು ಸಲ ಆಗಿದೆಯಂತೆ. ಒಮ್ಮೆ ಬಸ್ಸಿನಲ್ಲಿ, ಒಮ್ಮೆ ಕ್ಷೌರದ ಅಂಗಡಿಯ ಕುರ್ಚಿಯಲ್ಲಿ, ಅರ್ಧ ತಲೆ ಕತ್ತರಿಸಿದ್ದಾಗ ಎದ್ದು ಬಂದುಬಿಟ್ಟರಂತೆ. ಅದಕ್ಕಿಂತ ಹೆಚ್ಚಾಗಿ, ಮತ್ತೆ ಯಾವಾಗ ಬರುತ್ತದೋ ಎಂಬುದೇ ದಿನವಿಡೀ ಚಿಂತೆ. ಕೂತಲ್ಲಿ ಕೂತಲ್ಲಿ ನಾಡಿ ಹಿಡಿದು ನೋಡಿಕೊಳ್ಳುತ್ತಾರೆ. ಎಲ್ಲಿ ಹೋದರೂ ಬಾಗಿಲ ಹತ್ತಿರವೇ ಕೂರಬೇಕು. ಬಸ್ಸು ಬಿಟ್ಟರು, ಸಿನಿಮಾ ಬಿಟ್ಟರು, ಈಗ ಕೆಲಸವನ್ನೂ ಬಿಡುತ್ತೇನೆ ಅನ್ನುತ್ತಿದ್ದಾರೆ. "ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದಾರೆ" ಎಂದು ಅಕ್ಕ ಕಣ್ಣೊರೆಸಿಕೊಂಡಳು. "ಲಿಫ್ಟ್ ರಿಪೇರಿ ಮಾಡೋನಿಗೆ ಲಿಫ್ಟ್ ಅಂದ್ರೆ ಭಯ ಅಂತ ಗೊತ್ತಾದ್ರೆ ಊರೆಲ್ಲ ನಗತ್ತೆ ಅಂತಾರೆ."

ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಅಮ್ಮನಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ; ಬರೀ ಲಿಫ್ಟು ಸರಿಯಾಗಿದೆ ಎಂದರೆ, ಅಳಿಯ ಹತ್ತುವ ತನಕ ಅವಳು ನಂಬುವವಳೂ ಅಲ್ಲ. ಬಸ್ಸಿನಲ್ಲಿ ಭಾವನ ಅವಸ್ಥೆ ಕಂಡ ಒಬ್ಬಿಬ್ಬರು ‘ಮನಸ್ಸು ಗಟ್ಟಿ ಮಾಡ್ಕೊಳ್ಳಿ’ ಎಂದು ಬುದ್ಧಿ ಹೇಳಿದ್ದರಂತೆ. ಈ ಮಾತು ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಜ್ವರ ಬಂದವನಿಗೆ ಮೈ ತಣ್ಣಗೆ ಮಾಡಿಕೋ ಎಂದು ಯಾರಾದರೂ ಹೇಳುತ್ತಾರೆಯೇ? ಮಾರನೆಯ ವಾರ ನಾನೇ ವಿಚಾರಿಸಿ ಒಬ್ಬ ಮನೋವೈದ್ಯೆಯ ಹತ್ತಿರ ಸಮಯ ಗೊತ್ತು ಮಾಡಿದೆ. ಭಾವನನ್ನು ಒಪ್ಪಿಸಲು ನಾದಿನಿಯ ಬಾಯಿ, ಹೆಂಡತಿಯ ಕಣ್ಣೀರು ಎರಡೂ ಬೇಕಾದವು. ಹೊರಟ ಮೇಲೆ ಗೊತ್ತಾಯಿತು, ಅವರ ಕ್ಲಿನಿಕ್ಕು ನಾಲ್ಕನೇ ಮಹಡಿಯಲ್ಲಿ.

ಮೆಟ್ಟಿಲು ಹತ್ತಿ ಒಳಗೆ ಹೋದಾಗ ಮೂವರಿಗೂ ಎದೆ ಹೊಡೆದುಕೊಳ್ಳುತ್ತಿತ್ತು. ಡಾಕ್ಟರು ನನ್ನ ವಯಸ್ಸಿನವರೇ. ಮೇಜಿನ ಮೇಲೆ ಆರಿದ ಕಾಫಿ, ಕೈಯಲ್ಲಿ ಮುಚ್ಚಳವಿಲ್ಲದ ಪೆನ್ನು. "ಲಿಫ್ಟ್ ಕೆಟ್ಟಿದ್ಯಾ?" ಎಂದು ಕೇಳಿದರು. ಭಾವ ತಲೆ ತಗ್ಗಿಸಿದರು. "ಓ, ಅದಕ್ಕೇ ಬಂದಿದೀರಿ ಅನ್ನಿ" ಎಂದು ಡಾಕ್ಟರು ನಕ್ಕಾಗ ಭಾವನ ಭುಜ ಸ್ವಲ್ಪ ಸಡಿಲವಾದದ್ದು ನನಗೆ ಕಂಡಿತು.

ಕೇಳಬೇಕಾದ್ದೆಲ್ಲ ಕೇಳಿ, ಥೈರಾಯ್ಡಿನ ರಕ್ತ ಪರೀಕ್ಷೆಯೊಂದನ್ನು ಮಾಡಿಸಿ, ಎರಡನೇ ಸಲ ಹೋದಾಗ ಅವರು ಕಾಯಿಲೆಯ ಹೆಸರು ಹೇಳಿದರು. ಗಾಬರಿಯ ಕಾಯಿಲೆ, ಪ್ಯಾನಿಕ್ ಅನ್ನುತ್ತಾರೆ ಎಂದರು. ಭಾವ ತಕ್ಷಣ, "ನಾನು ಮೊದಲಿಂದ್ಲೂ ಹೆದರುಪುಕ್ಕಲ. ಎಲ್ಲಾನೂ ಎರಡು ಸಲ ನೋಡೋನು. ಆಗ್ಲೇ ಶುರುವಾಗಿತ್ತೇನೋ" ಎಂದರು.

"ಎರಡು ಸಲ ನೋಡಿದ್ಮೇಲೆ ಏನ್ ಮಾಡ್ತಿದ್ರಿ?"

"ಮನೆಗೆ ಹೋಗಿ ಊಟ ಮಾಡಿ ಮಲಗ್ತಿದ್ದೆ."

"ಹಾಗಾದ್ರೆ ಅದು ಕಾಯಿಲೆ ಅಲ್ಲ ಬಿಡಿ. ನಿಮ್ಮಂಥೋರು ನೋಡ್ಕೊಳ್ಳೋ ಲಿಫ್ಟ್ ಆದ್ರೆ ನಾನೂ ಧೈರ್ಯವಾಗಿ ಹತ್ತೀನಿ. ಚಿಂತೆ ಎಲ್ಲರಿಗೂ ಇರತ್ತೆ, ಇರಬೇಕು. ಆಗ ಅದು ನಿಮ್ಮ ಕೈಲಿ ಕೆಲಸ ಮಾಡಿಸ್ತಿತ್ತು. ಈಗ ಕೆಲಸ ಬಿಡಿಸ್ತಿದೆ. ಬಸ್ ಬಿಡಿಸ್ತು, ನಿದ್ದೆ ಬಿಡಿಸ್ತು, ತಿಂಗಳುಗಟ್ಲೆ ಹೋಗ್ತಾನೂ ಇಲ್ಲ. ಅಪಾಯ ಇಲ್ಲದ ಕಡೆನೂ ಬರ್ತಿದೆ. ಅಲ್ಲಿ ನಾನು ಗೆರೆ ಎಳೆದು ಇದು ಕಾಯಿಲೆ ಅಂತೀನಿ."

ಭಾವ ನಿಧಾನವಾಗಿ ಹೇಳಿದರು: "ಲಿಫ್ಟಿಗೊಂದು ಸೇಫ್ಟಿ ಬ್ರೇಕ್ ಇರತ್ತೆ ಡಾಕ್ಟ್ರೇ. ಲಿಫ್ಟ್ ಜೋರಾಗಿ ಬೀಳೋಕೆ ಶುರುವಾದ್ರೆ ಹಳಿನ ಕಚ್ಚಿ ಹಿಡ್ಕೊಳ್ಳತ್ತೆ. ಕೆಲವು ಸಲ ಅದರ ಸೆಟ್ಟಿಂಗ್ ತಪ್ಪತ್ತೆ. ಲಿಫ್ಟ್ ತನ್ನ ಪಾಡಿಗೆ ಸರಿಯಾಗೇ ಹೋಗ್ತಿರತ್ತೆ, ಅದು ಗಬಕ್ಕಂತ ಹಿಡ್ಕೊಂಡ್ಬಿಡತ್ತೆ."

"ಆಗ ನೀವೇನ್ ಮಾಡ್ತೀರಿ? ಬ್ರೇಕನ್ನೇ ಕಿತ್ತು ಬಿಸಾಕ್ತೀರಾ?"

"ಅಯ್ಯೋ, ಅದನ್ನ ಕೀಳೋದುಂಟಾ? ಸೆಟ್ಟಿಂಗ್ ಸರಿ ಮಾಡ್ತೀವಿ. ಆಮೇಲೆ ಓಡಿಸಿ ಓಡಿಸಿ ನೋಡ್ತೀವಿ."

"ನಾವೂ ಅಷ್ಟೇ ಮಾಡೋದು" ಎಂದು ಡಾಕ್ಟರು ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದರು.

ಕೆಲವು ತಿಂಗಳಿಗೆಂದು ಒಂದು ಮಾತ್ರೆ ಕೊಟ್ಟರು. ವಾರಕ್ಕೊಮ್ಮೆ ಬಂದು ಮಾತಾಡಬೇಕು ಎಂದರು. ಜೊತೆಗೆ ಮನೆಪಾಠ: ಲಿಫ್ಟಿನ ಹತ್ತಿರ ಹೋಗಬೇಕು, ನಿಲ್ಲಬೇಕು, ಒಳಗೆ ಹೋಗಬೇಕು, ಒಂದೊಂದೇ ಮಹಡಿ ಏರಬೇಕು. ಭಯ ಬಂದರೆ ಓಡಬಾರದು. ಅದು ಏರಿ, ಏರಿ, ತಾನಾಗಿ ಇಳಿಯುವ ತನಕ ಅಲ್ಲೇ ನಿಲ್ಲಬೇಕು. ಓಡಿದರೆ ಭಯ ಗೆದ್ದ ಹಾಗೆ, ಮುಂದಿನ ಸಲ ಇನ್ನೂ ದೊಡ್ಡದಾಗಿ ಬರುತ್ತದೆ. ಈ ಪಾಠಕ್ಕೆ ಜೊತೆಗಾರ್ತಿಯಾಗಿ ನೇಮಕವಾದವಳು ನಾನು. ಹೆದರುವವರ ಪಕ್ಕ ಕೂರುವುದೇ ನನ್ನ ಕಸುಬಲ್ಲವೇ.

ನಮ್ಮ ಕಟ್ಟಡದಲ್ಲಿ ಬೇಡ ಎಂದು ಭಾವ ಹಟ ಹಿಡಿದದ್ದರಿಂದ ಕ್ಲಿನಿಕ್ಕಿನ ಲಿಫ್ಟಿನಲ್ಲೇ ಶುರು ಮಾಡಿದೆವು. ಮೊದಲ ದಿನ ಬಾಗಿಲು ತೆರೆದಿಟ್ಟುಕೊಂಡು ಒಳಗೆ ನಿಂತದ್ದಷ್ಟೇ. ಭಾವನ ಮುಖ ಸುಣ್ಣದಂತಾಗಿತ್ತು. ಬಂದವರೆಲ್ಲ ‘ಮೇಲೋ ಕೆಳಗೋ?’ ಎಂದು ಕೇಳುವರು. "ಎಲ್ಲಿಗೂ ಇಲ್ಲ, ನಿಂತಿದೀವಿ" ಎಂದು ನಾನು ಹಲ್ಲು ಕಿರಿಯುವೆ. ಕೊನೆಗೆ ಒಂದು ದಿನ ಒಂದು ಮಹಡಿ ಏರಿದೆವು. ನನಗೆ ಆಶ್ಚರ್ಯವಾಗುವಂತೆ ಭಾವ ಹೆದರಲೇ ಇಲ್ಲ. ಹುಬ್ಬು ಗಂಟಿಕ್ಕಿ ಛಾವಣಿ ನೋಡುತ್ತಾ, "ಎಷ್ಟು ತಿಂಗಳಿಂದ ಇದಕ್ಕೆ ಗ್ರೀಸ್ ಹಾಕಿಲ್ಲ? ಯಾವನಮ್ಮ ಇದನ್ನ ನೋಡ್ಕೊಳ್ಳೋನು? ನಾಚಿಕೆ ಆಗ್ಬೇಕು" ಎಂದು ಮೇಲಿನ ತನಕ ಬೈದುಕೊಂಡೇ ಬಂದರು. ನಾನು ಖುಷಿಯಿಂದ ಡಾಕ್ಟರಿಗೆ ವರದಿ ಕೊಟ್ಟೆ. ಅವರು ನಕ್ಕು ತಲೆಯಾಡಿಸಿದರು. ಬೈಗುಳದ ಹಿಂದೆ ಬಚ್ಚಿಟ್ಟುಕೊಂಡರೆ ಆಗದು, ಭಯವನ್ನು ಎದುರಿಗಿಟ್ಟುಕೊಂಡೇ ಮೇಲೆ ಬರಬೇಕು ಎಂದರು. ಹೀಗೆ ಎರಡು ಮಹಡಿ, ಮೂರು ಮಹಡಿ. ನಡುವೆ ಒಂದು ವಾರ ಪೂರ್ತಿ ಹಿಂದಕ್ಕೆ ಬಿದ್ದು, ಲಿಫ್ಟಿನ ಎದುರಿನಿಂದಲೇ ವಾಪಸು ಹೋದದ್ದೂ ಉಂಟು. ಆದರೂ ಭಾವ ಮತ್ತೆ ಬಸ್ಸು ಹತ್ತಿದರು, ಬಿಟ್ಟಿದ್ದ ಅರ್ಧ ಕ್ಷೌರ ಮುಗಿಸಿದರು. ಒಂಟಿಯಾಗಿ ಲಿಫ್ಟಿನಲ್ಲಿ ಹೋಗುವುದೊಂದು ಮಾತ್ರ ಆಗಿರಲಿಲ್ಲ.

ಅಷ್ಟರಲ್ಲಿ ನಮ್ಮ ಕಟ್ಟಡದ ಸಂಘದವರು ಭಾನುವಾರ ಸಭೆ ಕರೆದರು. ಲಿಫ್ಟು ಅಪಾಯಕಾರಿ ಎಂದು ಬೀಗ ಹಾಕಿಸಬೇಕು ಎಂಬುದು ವಿಷಯ. ಬೀಗ ಬಿದ್ದರೆ ಮತ್ತೆ ತೆರೆಸಲು ಎಷ್ಟು ಕಾಲವಾಗುತ್ತದೋ, ಅಲ್ಲಿಯವರೆಗೆ ಅಮ್ಮ ಒಂಬತ್ತನೇ ಮಹಡಿಯಲ್ಲೇ. ನನಗೆ ತಲೆ ಕೆಟ್ಟುಹೋಯಿತು. ಭಾವನಿಗೆ ಒಂದು ಒಳ್ಳೆಯ ಸುಳ್ಳು ಹೇಳಿಕೊಟ್ಟೆ. "ಒಂದು ಸಾಮಾನು ಸವೆದಿತ್ತು, ಹೊಸದು ಹಾಕಿದೀನಿ, ಈಗ ಸರಿಯಾಗಿದೆ ಅನ್ನಿ. ಅಲ್ಲಿಗೆ ಮುಗೀತು. ನಿಮ್ಮ ಮಾನಾನೂ ಉಳೀತು." ಭಾವ ಆಗಲಿ ಎಂಬಂತೆ ತಲೆಯಾಡಿಸಿದರು.

ಹಾಲಿನಲ್ಲಿ ಮಕ್ಕಳು ಮರಿ ಎಲ್ಲ ಸೇರಿದ್ದರು. ಕೇರಂ ಬೋರ್ಡು ಗೋಡೆಗೆ ಒರಗಿತ್ತು. ಕಾರ್ಯದರ್ಶಿ ಎದ್ದು ನಿಂತು ಕೇಳಿದರು: "ಲಿಫ್ಟಿಗೆ ಏನಾಗಿತ್ತು, ನೀವೇ ಹೇಳಿ."

ಭಾವ ಎದ್ದರು. ಬಾಯಿ ತೆರೆದರು. ನಾನು ಹೇಳಿಕೊಟ್ಟ ಸುಳ್ಳು ಬರಲಿ ಎಂದು ಕಾದೆ. ಅವರು ಒಮ್ಮೆ ಗೋಡೆಗೊರಗಿದ ಬೋರ್ಡನ್ನು ನೋಡಿದರು.

"ಲಿಫ್ಟಿಗೆ ಏನೂ ಆಗಿಲ್ಲ" ಎಂದರು. "ಆಗಿರೋದು ನನಗೆ. ಒಳಗೆ ಹೋದ್ರೆ ನನಗೆ ಭಯ ಆಗತ್ತೆ. ಸತ್ತೇ ಹೋಗ್ತೀನಿ ಅನ್ಸತ್ತೆ. ಇದೊಂದು ಕಾಯಿಲೆಯಂತೆ, ಡಾಕ್ಟ್ರ ಹತ್ರ ಹೋಗ್ತಿದೀನಿ, ಸುಮಾರು ವಾಸಿ ಆಗಿದೆ. ನಾಚಿಕೆಯಾಗಿ ಹೇಳಿರ್ಲಿಲ್ಲ. ನನ್ನ ನೋಡಿ ನೀವೆಲ್ಲ ಮೆಟ್ಟಿಲು ಹತ್ತಿದ್ರಿ. ತಪ್ಪಾಯ್ತು."

ಅಕ್ಕ ನನ್ನ ಕೈಯನ್ನು ಎಷ್ಟು ಒತ್ತಿ ಹಿಡಿದಿದ್ದಳೆಂದರೆ ನೋವಾಗುತ್ತಿತ್ತು. ಮೊದಲು ಬಾಯಿ ಬಿಟ್ಟವರು ಮೇಷ್ಟ್ರು.

"ಅಂದ್ರೆ ಇಷ್ಟು ದಿನ ನಾವು ಮಂಡಿ ಸವೆಸಿದ್ದು ಸುಮ್ ಸುಮ್ನೆನಾ?"

"ಮೇಷ್ಟ್ರೇ, ನಿಮ್ಮ ಮನೆ ನೆಲಮಹಡಿ. ನೀವ್ಯಾವ ಮೆಟ್ಟಿಲು ಹತ್ತಿದ್ರಿ?" ಎಂದರು ಕಾರ್ಯದರ್ಶಿ.

ಇಡೀ ಹಾಲು ಗೊಳ್ಳೆಂದು ನಕ್ಕಿತು. ಯಾರೂ ಭಾವನನ್ನು ನೋಡಿ ನಗಲಿಲ್ಲ. ಆ ಗದ್ದಲದಲ್ಲೇ ಐದನೇ ಮಹಡಿಯ ಬ್ಯಾಂಕಿನವರು ಭಾವನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ನನಗೆ ಸೇತುವೆ ಮೇಲೆ ಹೀಗೇ ಆಗತ್ತೆ. ಊರೆಲ್ಲ ಸುತ್ತು ಹಾಕ್ಕೊಂಡು ಆಫೀಸಿಗೆ ಹೋಗ್ತೀನಿ. ಆ ಡಾಕ್ಟ್ರ ನಂಬರ್ ಕೊಡ್ತೀರಾ?"

ಭಾವ ನಂಬರು ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಅತ್ತೆನ ಕರ್ಕೊಂಡ್ ಬರ್ತೀನಿ" ಎಂದು ಹೇಳಿ, ಲಿಫ್ಟಿನೊಳಗೆ ಹೋಗಿಬಿಟ್ಟರು. ಒಬ್ಬರೇ. ನಾನು ಎದ್ದು ಓಡುವಷ್ಟರಲ್ಲಿ ಬಾಗಿಲು ಮುಚ್ಚಿತು.

ಎಲ್ಲರೂ ಬಾಗಿಲ ಮೇಲಿನ ಕೆಂಪು ಅಂಕಿಯ ಕಡೆ ಕತ್ತೆತ್ತಿ ನಿಂತೆವು. ಒಂದು. ಎರಡು. ಮೂರು. ನಾಲ್ಕು. ನಾಲ್ಕರಲ್ಲಿ ನಿಂತಿತು. ನಿಂತೇ ಇತ್ತು. "ಕೆಟ್ಟೋಯ್ತಾ?" ಎಂದರು ಮೇಷ್ಟ್ರು. ನಾಲ್ಕೈದು ಜನ ಒಟ್ಟಿಗೇ ಶ್ ಎಂದರು. ಮೆಟ್ಟಿಲ ಕಡೆ ಹೊರಟ ನನ್ನ ಸೆರಗನ್ನು ಅಕ್ಕ ಹಿಡಿದೆಳೆದಳು. "ನಿಲ್ಲೇ. ಇಳಿದಿದ್ರೆ ಮೆಟ್ಟಿಲ ಮೇಲೆ ಸದ್ದು ಕೇಳ್ತಿತ್ತು. ಅವರು ಒಳಗೇ ಇದಾರೆ. ಭಯ ಇಳಿಯೋಕೆ ಕಾಯ್ತಿದಾರೆ" ಎಂದಳು. ಅವಳ ಕಣ್ಣು ಆ ಅಂಕಿಯಿಂದ ಕದಲಿರಲಿಲ್ಲ.

ಐದು ಎಂದಿತು. ಆರು, ಏಳು, ಎಂಟು. ಒಂಬತ್ತು ಬಂದಾಗ ಕಾರ್ಯದರ್ಶಿ ಗಟ್ಟಿಯಾಗಿ ಚಪ್ಪಾಳೆ ತಟ್ಟಿದರು. ಮಕ್ಕಳು ಕುಣಿದರು. ನಾನು ಅಳುತ್ತಾ ನಗುತ್ತಾ ಯಾರನ್ನೋ ತಬ್ಬಿಕೊಂಡಿದ್ದೆ, ನೋಡಿದರೆ ಅದು ಕಾವಲುಗಾರ.

ಮೇಲೆ ನಡೆದದ್ದನ್ನು ಅಮ್ಮನೇ ಆಮೇಲೆ ಹೇಳಿದಳು. ಭಾವ ಬೆವರಿನಲ್ಲಿ ತೊಯ್ದು ಬಾಗಿಲಲ್ಲಿ ನಿಂತು, "ಅತ್ತೆ, ಲಿಫ್ಟ್ ಚೆನ್ನಾಗಿದೆ. ನನಗೆ ಭಯ, ಅದಕ್ಕೇ ಹತ್ತುತಿರ್ಲಿಲ್ಲ" ಎಂದರಂತೆ. ಇಷ್ಟು ವರ್ಷ ‘ಅಳಿಯಂದ್ರೇ, ನೀವು’ ಎಂದೇ ಮಾತಾಡಿದ ಅಮ್ಮ, "ಅಷ್ಟೇನಾ? ಮೊದಲೇ ಹೇಳೋಕಾಗ್ತಿರ್ಲಿಲ್ವೇನೋ ಮಗನೇ? ನಾನು ಕೈ ಹಿಡ್ಕೋತಿದ್ದೆ" ಎಂದಳಂತೆ. ಅದಾದ ಮೇಲೆ ತಲೆ ಬಾಚಲು ಹೋದಳು. ಅದಕ್ಕೇ ನಮಗೆ ಕೆಳಗೆ ಅಷ್ಟು ಕಾಯಬೇಕಾಯಿತು.

ಲಿಫ್ಟು ಕೆಳಗೆ ಬಂದು ಬಾಗಿಲು ತೆರೆದಾಗ ಅತ್ತೆ ಅಳಿಯ ಕೈ ಕೈ ಹಿಡಿದು ನಿಂತಿದ್ದರು. ಮೇಷ್ಟ್ರು ಆಗಲೇ ಬೋರ್ಡು ಹಾಕಿ ಪೌಡರು ಎರಚಿದ್ದರು. ಅಮ್ಮ ನಾಲ್ಕು ಹೆಜ್ಜೆ ಬಂದು ನಿಂತಳು. ಭಾವ ಇನ್ನೂ ಕೈ ಬಿಟ್ಟಿರಲಿಲ್ಲ. "ಇನ್ನು ಬಿಡಪ್ಪ" ಎಂದಳು, "ಅದು ನಾನು ಹೊಡೆಯೋ ಕೈ."

ಆಮೇಲೆ ನಡೆದದ್ದು ಜಾತ್ರೆಯೇ ಸರಿ. ಇಷ್ಟು ದಿನ ಮೆಟ್ಟಿಲು ಹತ್ತಿದವರಿಗೆಲ್ಲ ಅವತ್ತೇ ಲಿಫ್ಟಿನಲ್ಲಿ ಹೋಗಬೇಕಿತ್ತು, ಅದೂ ಭಾವನ ಜೊತೆಗೆ. ಆರು ಜನರಿಗಿಂತ ಹೆಚ್ಚು ಬೇಡ ಎಂದು ಭಾವ ಗದರಿಸಿ ಸಾಲು ಮಾಡಿಸಿದರು. ಮಕ್ಕಳು ಇಳಿದು ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲುವರು. ಬ್ಯಾಂಕಿನವರು ಎರಡು ಸಲ ಹೋಗಿ ಬಂದರು. ಮರುವಾರ ಇದನ್ನೆಲ್ಲ ಕೇಳಿದ ಡಾಕ್ಟರು, "ನಾನು ನಿಧಾನಕ್ಕೆ ಅಂದಿದ್ನಲ್ರೀ" ಎಂದು ಪೆನ್ನಿನಿಂದ ಹಣೆ ತಟ್ಟಿಕೊಂಡರು. ಮಾತ್ರೆ ನಿಲ್ಲಿಸುವ ಹಾಗಿಲ್ಲ, ಮಾತಾಡಲು ಬರುವುದನ್ನೂ ಬಿಡುವ ಹಾಗಿಲ್ಲ ಎಂದು ಗದರಿಸಿಯೇ ಕಳಿಸಿದರು.

ಆ ಭಾನುವಾರ ಸಂಜೆ ಎಲ್ಲರೂ ಚದುರಿದ ಮೇಲೆ ಭಾವ ಮೇಲಿನ ಮೆಷಿನ್ ರೂಮಿಗೆ ಬೀಗ ಹಾಕಲು ಹೊರಟರು. ಅಕ್ಕ ಚಪ್ಪಲಿ ಹಾಕಿಕೊಂಡು ಕಾಯುತ್ತಿದ್ದಳು. ನಾನು ಅಭ್ಯಾಸಬಲದಿಂದ ಅವರ ಹಿಂದೆ ಲಿಫ್ಟಿನ ಕಡೆ ನಡೆದೆ.

"ನೀನು ಬೇಡ ಕಣಮ್ಮ" ಎಂದರು.

ಒಳಗೆ ಹೋಗಿ ನನ್ನ ಕಡೆ ತಿರುಗಿ ನಿಂತರು. ಹಣೆಯ ಮೇಲೆ ಬೆವರು ಮೂಡುತ್ತಿತ್ತು. ಕೈ ತಾನಾಗಿ ನಾಡಿಯ ಕಡೆಗೆ ಹೋಯಿತು. ಅದನ್ನು ತಾವೇ ನೋಡಿ ಕೈಯನ್ನು ಕೆಳಗಿಳಿಸಿದರು.

"ಈಗ್ಲೂ ಭಯ ಆಗ್ತಿದ್ಯಾ ಭಾವ?" ಎಂದೆ.

"ಆಗ್ತಿದೆ" ಎಂದರು. ಎಂದವರೇ ಒಂಬತ್ತು ಒತ್ತಿದರು.